ಕ್ಯಾಮೆರಾ ಇಟ್ಟ ಜಾಗ

ಹೊಸ್ತಿಲ ಒಳಗೆ ಇಟ್ಟಿದ್ದ ಬಲಗಾಲನ್ನು ಮೈಬೂಬ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅವನ ಅಕ್ಕ ಹುಸೇನಬಿ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಅಲ್ಲೇ ನಿಂದರು. ಒಳಗ ಬರಬ್ಯಾಡ.”

“ಆಪಾ, ಒಂದ್ಸಲ ಮುಖಾ ನೋಡತೇನಿ. ಆಸ್ಪತ್ರಿಯಿಂದ ತಂದವರು ಸೀದಾ ಒಳಗ ಒಯ್ದ್ರು. ನಾ ನೋಡೇ ಇಲ್ಲ.”

“ನೋಡಾಕ ಬರಂಗಿಲ್ಲ. ದಮ್ ಹೋತು, ನಿಕಾಹ್ ಮುರೀತು. ಈಗ ಆಕಿಗೆ ನೀ ಪರಕೀ ಗಂಡಸ.”

ಹುಸೇನಬಿ ಸಿಟ್ಟಿನಿಂದ ಹೇಳಿದ್ದಲ್ಲ. ಮನೆಯಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಇಂಥ ದಿನ ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವುದು ತನ್ನ ಕೆಲಸವೆಂದು ತಿಳಿದಿದ್ದಳು.

ಮೈಬೂಬನ ಹೆಂಡತಿ ದಾವಲಬಿ ಆ ಬೆಳಿಗ್ಗೆ, ಫಜರ್ ಬಾಂಗಿಗೆ ಮೊದಲು, ನಿಪ್ಪಾಣಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದಳು. ಬೀಡಿ ಕಟ್ಟುವವರಿಗೆ ಬರುವ ಎದೆಯ ರೋಗ. ಪಕ್ಕದಲ್ಲಿದ್ದವನು ಮಗ ಅಫ್ಜಲ. ಹಿಂದಿನ ಸಂಜೆ ಮೈಬೂಬನನ್ನು ಮನೆಗೆ ಕಳಿಸಿದವಳು ದಾವಲಬಿಯೇ. “ಏನ್ರಿ, ನನ್ನ ಕತ್ತರಿ ಮೊಂಡ ಆಗೈತಿ. ಸಾಣಿ ಹಿಡದ ಇಡ್ರಿ, ನಾ ಬರೂದ್ರಾಗ,” ಅಂದಿದ್ದಳು. ಮೈಬೂಬ ಸಾಣೆ ಹಿಡಿಯುವವನು. ಸೈಕಲ್ಲಿಗೆ ಕಟ್ಟಿದ ಕಲ್ಲಿನ ಗಾಲಿ ತುಳಿಯುತ್ತ ಚಿಕ್ಕೋಡಿ, ರಾಯಬಾಗದ ಸಂತೆಗಳಿಗೆಲ್ಲ ಹೋಗುತ್ತಿದ್ದ. ಅವಳು ಹೇಳಿದಂತೆ ಮಾಡಿ ಅವನು ಕತ್ತರಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಫೋನ್ ಬಂತು.

ಅಂಗಳದಲ್ಲಿ ಪಕ್ಕದ ಮನೆಯ ಅಕ್ಕುತಾಯಿ ಕೂತಿದ್ದಳು. ದಾವಲಬಿ ಮತ್ತು ಅವಳು ಒಂದೇ ಕಟ್ಟೆಯ ಮೇಲೆ ಎದುರುಬದುರು ಮೊರ ಇಟ್ಟುಕೊಂಡು ಬೀಡಿ ಕಟ್ಟಿ ಮುದುಕಿಯರಾದವರು.

“ಅಲ್ಲವಾ ಹುಸೇನಬಿ,” ಎಂದಳು ಅಕ್ಕುತಾಯಿ, “ನಾ ಬ್ಯಾರೆ ಜಾತ್ಯಾಕಿ. ನಾ ಈಗ ಒಳಗ ಹೋಗಿ ಆಕಿ ಗಲ್ಲಾ ಮುಟ್ಟಿ ಬಂದೆ. ಕಟಗೊಂಡಾಂವ ನೋಡಬಾರದಾ?”

“ನೀ ಹೆಂಗಸ. ಆತ ಗಂಡಸ. ನಮ್ಮ ಅಮ್ಮಾ ಸತ್ತಾಗ ಅಬ್ಬಾಗೂ ಹೊರಗ ನಿಂದರಿಸಿದ್ರು. ಅಬ್ಬಾ ಒಂದ ಮಾತ ಎದುರ ಆಡಲಿಲ್ಲ.”

ಅಫ್ಜಲ ಫೋನನ್ನು ಕಿವಿಯಿಂದ ತೆಗೆದು ತಂದೆಯ ಹತ್ತಿರ ಬಂದ. “ಅಬ್ಬಾ, ಮೌಲಾನಾಗ ಕೇಳೂಣೇನು?”

“ಬ್ಯಾಡ. ಮಯ್ಯತ್ ಮನ್ಯಾಗ ಜಗಳಾ ಆತು ಅಂತ ಓಣಿ ಮಂದಿ ಅನ್ನಬಾರದು.”

ಒಳಗಿನಿಂದ ಸೊಸೆ ಸುಮಯ್ಯಾ ಪರದೆಯ ಸಂದಿಯಲ್ಲಿ ಕೈ ಚಾಚಿದಳು. ಕಫನ್ ಬಟ್ಟೆ ಕತ್ತರಿಸಲು ಕತ್ತರಿ ಬೇಕಿತ್ತು. ಮೈಬೂಬ ಕಿಸೆಗೆ ಕೈ ಹಾಕಿ ಸಾಣೆ ಹಿಡಿದ ಬೀಡಿ ಕತ್ತರಿ ಕೊಟ್ಟ. ಹಿಡಿಕೆ ಅವಳ ಕಡೆ, ಮೊನೆ ತನ್ನ ಕಡೆ. ಪರದೆ ಮುಚ್ಚಿತು. ಬಟ್ಟೆ ಒಂದೇ ಎಳೆತಕ್ಕೆ ಸೀಳಿದ ಸದ್ದು ಹೊರಗೆ ಕೇಳಿಸಿತು.

“ಚಲೋ ಹರಿತ ಐತಿ,” ಎಂದಳು ಅಕ್ಕುತಾಯಿ.

*

ಅದೇ ಮನೆಯ ಅದೇ ಕೋಣೆಯಲ್ಲಿ ಮೂರು ವರ್ಷದ ಹಿಂದೆ ಇನ್ನೊಂದು ಮಯ್ಯತ್ ನಡೆದಿತ್ತು.

ಚಿಕ್ಕೋಡಿಯ ಉಜ್ವಲಾ ಪುಣೆಯಲ್ಲಿ ಸಿನಿಮಾ ಕಲಿತು ಬಂದು, ಕೊಲ್ಹಾಪುರದಲ್ಲಿ ಮನೆ ಮಾಡಿಕೊಂಡು, ಬೀಡಿ ಕಟ್ಟುವ ಹೆಂಗಸೊಬ್ಬಳ ಕತೆಯ ಚಿತ್ರ ತೆಗೆಯುತ್ತಿದ್ದಳು. ನಟಿಯರನ್ನು ಕರೆತಂದು ನೋಡಿದಳು. ಅವರ ಬೆರಳಿಗೆ ಎಲೆ ಸುತ್ತಲು ಬರಲಿಲ್ಲ. ಹಾಗೆ ದಾವಲಬಿ ನಾಯಕಿಯಾದಳು. ಮೈಬೂಬ ಒಪ್ಪಿದ್ದ. ಕತೆಯಲ್ಲಿ ಗಂಡ ಸಾಯುತ್ತಾನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸತ್ತ ಗಂಡನ ಪಾತ್ರ ಕೊಲ್ಹಾಪುರದ ನಾಟಕದ ಹುಡುಗ ಕುಣಾಲನದು. ಗಡ್ಡಕ್ಕೆ ಬಿಳಿ ಹಚ್ಚಿ, ಕಫನ್ ಸುತ್ತಿ, ಮುಖವಷ್ಟೇ ತೆರೆದು ಮಲಗಿಸಿದರು. ಹೆಂಡತಿ ಬಂದು ಕೊನೆಯ ಸಲ ಮುಖ ನೋಡಿ ಬಟ್ಟೆ ಮುಚ್ಚಬೇಕು. ದಾವಲಬಿ ಬಂದಳು, ಬಗ್ಗಿದಳು. ಹೆಣ ಸೀನಿತು.

ಮತ್ತೆ ತೆಗೆದರು. ಮತ್ತೆ ಸೀನಿತು. ಇಡೀ ಜೀವಮಾನ ತಂಬಾಕು ಅರೆದು ತುಂಬಿದ ಕೋಣೆ ಅದು. ಗೋಡೆಯ ಸುಣ್ಣದಲ್ಲೂ ಘಾಟು ಇತ್ತು. ಊರಿನವರ ಮೂಗಿಗೆ ಅದು ತಿಳಿಯುತ್ತಿರಲಿಲ್ಲ.

“ಎದ್ದ ಹೊರಗ ಹೋಗೋ ನಮ್ಮಪ್ಪಾ,” ಎಂದು ಅಕ್ಕುತಾಯಿ ಕಿಟಕಿಯಿಂದ ಕೂಗಿದಳು, “ಸತ್ತಾಂವಗ ಇಷ್ಟ ಥಂಡಿ ಹತ್ತಬಾರದು.”

ಎಲ್ಲರೂ ನಕ್ಕರು. ಉಜ್ವಲಾ ನಗಲಿಲ್ಲ. ಕುಣಾಲನನ್ನು ಎಬ್ಬಿಸಿ ಕಳಿಸಿದಳು. ಅವನ ತಲೆ ಇದ್ದ ಜಾಗದಲ್ಲಿ ನೆಲದ ಮೇಲೆ ಕ್ಯಾಮೆರಾ ಮಲಗಿಸಿ ಮೇಲ್ಮುಖ ಮಾಡಿಸಿದಳು.

“ಚಾಚಿ, ಇಷ್ಟ ದಿನಾ ಕ್ಯಾಮೆರಾ ಕಡೆ ನೋಡಬ್ಯಾಡ್ರಿ ಅಂತ ಬೈದೇನಿ. ಈಗ ಇದನ್ನs ನೋಡ್ರಿ. ಇದs ನಿಮ್ಮ ಗಂಡನ ಮುಖಾ.”

“ಯಾ ಗಂಡಂದು?”

“ಸಿನಿಮಾದಾಗಿನ ಗಂಡಂದು, ಚಾಚಿ.”

“ಆ ಸೀನಿದಾಂವಂದು ನಂಗ ನೆನಪs ಉಳಿಲಿಲ್ಲ,” ಎಂದಳು ದಾವಲಬಿ. “ಇರಲಿ. ನಂಗೊಂದ ಮುಖಾ ಗೊತ್ತೈತಿ.”

ಸೆರಗಿನಿಂದ ಕೈ ಒರೆಸಿಕೊಂಡು ಅವಳು ಬಗ್ಗಿದಳು. ಒಂದೇ ಸಲಕ್ಕೆ ಆಯಿತು. ಇನ್ನೊಮ್ಮೆ ತೆಗೆಯೋಣವೆಂದು ಯಾರೂ ಅನ್ನಲಿಲ್ಲ.

ಮರುದಿನದಿಂದಲೇ ಓಣಿಯಲ್ಲಿ ಮೈಬೂಬನಿಗೆ ಕಾಟ ಶುರುವಾಯಿತು. “ಮೈಬೂಬಭಾಯ್, ನಿನ್ನೆ ನಿಮ್ಮ ಮಯ್ಯತ್ ಇತ್ತಂತ, ನಮಗ ಹೇಳಲೇ ಇಲ್ಲಲ್ಲ?” ಚಹಾದ ಅಂಗಡಿಯಲ್ಲಿ ಕಪ್ಪು ಕೊಡುವಾಗ, “ಸತ್ತವರಿಗೆ ಸಕ್ಕರಿ ಎಷ್ಟ?” ಅವನು ಮನೆಗೆ ಬಂದು ಹೆಂಡತಿಗೆ ಒಂದೇ ಮಾತು ಅಂದ: “ನಾ ಬದಕಿರತಾನs ಮಣ್ಣ ಕೊಟ್ಟಿ.”

ಆ ಚಿತ್ರವನ್ನು ತಾನು ನೋಡುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದ.

*

ಉಜ್ವಲಾಳ ಕಾರು ಕೊಗನೊಳ್ಳಿ ಟೋಲ್ ದಾಟಿ ನಿಪ್ಪಾಣಿ ಸೇರುವಷ್ಟರಲ್ಲಿ ಗುಸುಲ್ ಮುಗಿದಿತ್ತು. ಮೀಯಿಸಿ, ಕಫನ್ ತೊಡಿಸಿ, ಮುಖ ಮಾತ್ರ ತೆರೆದಿಟ್ಟಿದ್ದರು. ಚಪ್ಪಲಿ ಬಿಟ್ಟು ಓಡಿ ಬಂದವಳು ಅಂಗಳದಲ್ಲಿ ಮೈಬೂಬನನ್ನು ಕಂಡು ನಿಂತಳು. ಹುಸೇನಬಿ ಬಾಗಿಲಿಂದ ಸರಿದು ಅವಳಿಗೆ ದಾರಿ ಬಿಟ್ಟಳು.

“ನೀ ಬಾರವಾ. ಆಕಿ ನಿನ್ನ ಭಾಳ ನೆನಸತಿದ್ಲು.”

ಮೈಬೂಬ ನೋಡುತ್ತಿದ್ದ. ಉಜ್ವಲಾ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಓಢಣಿಗೆ ಅತ್ತರಿನ ವಾಸನೆ ಹತ್ತಿತ್ತು.

“ಹ್ಯಾಂಗ ಕಾಣತಾಳ?” ಎಂದು ಮೈಬೂಬ ಕೇಳಿದ.

ಉಜ್ವಲಾಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ನೀವ ನೋಡಿಲ್ಲೇನ್ರಿ ಚಾಚಾ?”

“ನಂಗ ಇಲ್ಲ ಅಂದ್ರು.”

ಅವಳು ಅಫ್ಜಲನ ಕಡೆ ನೋಡಿದಳು. ಅವನು ನೆಲ ನೋಡಿದ. ಇದು ತಾನು ಬಾಯಿ ಹಾಕುವ ಮನೆಯಲ್ಲ ಎಂದು ಉಜ್ವಲಾ ಅಂದುಕೊಂಡಿರಬೇಕು.

“ಹಣೀ ಮ್ಯಾಲಿನ ಗೆರಿ ಹೋಗ್ಯಾವ್ರಿ,” ಎಂದಳು. “ಬಾಯಿ ಒಂದೀಟ ತೆರದೈತಿ. ಏನೋ ಹೇಳಾಕ ಹೊಂಟಂಗ.”

“ಹಲ್ಲ ಕಾಣತಾವೇನು? ಮುಂದಿಂದ ಒಂದ ಮುರದಿತ್ತು. ಬೀಡಿ ದಾರಾ ಕಡದ ಕಡದ.”

“ಕಾಣತೈತ್ರಿ.”

“ಹಂಗಾರ ಆಕಿನs,” ಎಂದ ಮೈಬೂಬ.

ಮಧ್ಯಾಹ್ನದ ಜೋಹರ್ ನಮಾಜಿನ ನಂತರ ಜನಾಜಾ ಎತ್ತಿದರು. ಗಂಡ ಹೆಗಲು ಕೊಡುವಂತಿಲ್ಲ ಎಂದು ಹುಸೇನಬಿ ಅದನ್ನೂ ಹೇಳಿದ್ದಳು. ಹೆಗಲು ಬದಲಾಯಿಸಲು ಓಣಿಯವರು, ತಂಬಾಕಿನ ವಖಾರಿಯ ಹಮಾಲರು, ಉಜ್ವಲಾಳ ಕಾರಿನ ಡ್ರೈವರನೂ ಮುಂದೆ ನುಗ್ಗಿದರು. ಮೈಬೂಬ ಎಲ್ಲರ ಹಿಂದೆ, ಕೈ ಕಟ್ಟಿಕೊಂಡು ನಡೆದ.

ಕಬರಸ್ತಾನದಲ್ಲಿ ಹಲಗೆ ಮುಚ್ಚಿ, ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿ, ಗುದ್ದಲಿಯವನು ಗುಪ್ಪೆ ಏರಿಸಿ ನೀರು ಚಿಮುಕಿಸಿದ ಮೇಲೆ ಮೌಲಾನಾ ಮೈಬೂಬನ ಹತ್ತಿರ ಬಂದರು. ವಯಸ್ಸಿನಲ್ಲಿ ಚಿಕ್ಕವರು.

“ನೀವು ಹೆಗಲ ಕೊಡಲಿಲ್ಲ. ಮೈಯಾಗ ಆರಾಮ ಇಲ್ಲೇನು?”

“ನಿಕಾಹ್ ಮುರದೈತಲ್ರಿ. ಮುಖಾನೂ ನೋಡಲಿಲ್ಲ.”

“ಯಾರು ಹೇಳಿದ್ರು?”

ಮೈಬೂಬ ಕೈಗೆ ಹತ್ತಿದ ಮಣ್ಣು ಕೊಡವಿಕೊಂಡ. ಮೌಲಾನಾ ದನಿ ತಗ್ಗಿಸಿ ಹೇಳಿದರು: “ಮೀಸೂದು ಬ್ಯಾಡ ಅಂತ ಐತಿ, ಖರೇ. ಮುಖಾ ನೋಡಬಹುದಿತ್ತು. ಹೆಗಲೂ ಕೊಡಬಹುದಿತ್ತು. ಮಂದ್ಯಾಗ ಹಿಂಗ ಒಂದ ತಪ್ಪ ನಡಕೊಂಡ ಬಂದೈತಿ. ನನ್ನ ಒಂದ ಮಾತ ಕೇಳಬೇಕಿತ್ತು.”

ಅಫ್ಜಲ ಗುಪ್ಪೆಯ ಕಡೆ ತಿರುಗಿದ. ಅದರ ಮೇಲೆ ನೀರು ಇಂಗುತ್ತಿತ್ತು.

“ಕೇಳೂಣು ಅಂದಿದ್ದ ನನ್ನ ಮಗಾ,” ಎಂದ ಮೈಬೂಬ. “ನಾನs ಬ್ಯಾಡ ಅಂದೆ.”

*

ಚಿತ್ರಕ್ಕೆ ಪ್ರಶಸ್ತಿ ಬಂದದ್ದು ದಾವಲಬಿ ತೀರಿಕೊಳ್ಳುವ ಹಿಂದಿನ ವರ್ಷ. ಸಮುದ್ರದಂಡೆಯ ಒಂದು ವಿದೇಶಿ ನಗರದಲ್ಲಿ ನಡೆಯುವ ಅಂತರರಾಷ್ಟ್ರೀಯ ಚಿತ್ರೋತ್ಸವವದು. ಅಲ್ಲಿಗೆ ಎಲ್ಲ ಖಂಡಗಳ ಚಿತ್ರಗಳೂ ಬರುತ್ತವೆ. ಏಷ್ಯಾದ ಚಿತ್ರಗಳಿಗೆ ಮಾತ್ರ ಬೇರೆ ತೀರ್ಪುಗಾರರು, ಬೇರೆ ಪ್ರಶಸ್ತಿ. ದಾವಲಬಿಯ ಪಾಸ್‌ಪೋರ್ಟ್ ಸಮಯಕ್ಕೆ ಬರಲಿಲ್ಲ. ಉಜ್ವಲಾ ಒಬ್ಬಳೇ ಹೋಗಿ ಬಂದು, ವಿಮಾನ ಇಳಿದವಳು ಸೀದಾ ನಿಪ್ಪಾಣಿಗೆ ಬಂದಳು. ಗಾಜಿನ ಪ್ರಶಸ್ತಿಯನ್ನು ದಾವಲಬಿಯ ಕೈಗೆ ಕೊಟ್ಟಳು.

ದಾವಲಬಿ ತೂಕ ನೋಡಿದಳು. ನೆನೆಸಿದ ಬೀಡಿ ಎಲೆಯ ಗಂಟಿನ ಮೇಲೆ ಅದನ್ನಿಟ್ಟಳು. ಎಲೆ ಚೆನ್ನಾಗಿ ಅಮುಕಿಕೊಂಡಿತು.

“ಏಷ್ಯಾ ಅಂದ್ರ ನಮ್ಮ ನಿಪ್ಪಾಣಿನೂ ಬರತೈತೇನು?”

“ಬರತೈತ್ರಿ ಚಾಚಿ.”

“ಅಥಣಿ?” ಎಂದಳು ಅಕ್ಕುತಾಯಿ. ಅದು ಅವಳ ತವರು.

“ಅದೂ ಬರತೈತಿ.”

“ಹಂಗಾರ ದೊಡ್ಡದs ಬಿಡು.”

ತೀರ್ಪುಗಾರರು ಮೂವರು, ಮೂರು ದೇಶದವರು. ಅವರು ಬರೆದಿದ್ದನ್ನು ಉಜ್ವಲಾ ಕನ್ನಡದಲ್ಲಿ ಹೇಳಿದಳು: ಹೆಂಡತಿ ಸತ್ತ ಗಂಡನನ್ನು ನೋಡುವಾಗ ನಾವು ಮೂವರೂ ಆ ಸತ್ತವನ ಜಾಗದಲ್ಲಿ ಮಲಗಿದ್ದೆವು.

“ಅಯ್ಯ, ಪಾಪ,” ಎಂದಳು ದಾವಲಬಿ. “ಮೂರೂ ಮಂದಿ?”

ಚಿತ್ರ ಟಾಕೀಜಿಗೆ ಬರಲಿಲ್ಲ. ಉಜ್ವಲಾ ಚಿಕ್ಕೋಡಿಯ ಒಂದು ಸಭಾಭವನದಲ್ಲಿ ಪರದೆ ಕಟ್ಟಿಸಿ ಒಂದು ಸಲ ತೋರಿಸಿದಳು. ಓಣಿಯೇ ಟೆಂಪೊ ಮಾಡಿಕೊಂಡು ಹೋಯಿತು. ಮೈಬೂಬ ಅಂದು ರಾಯಬಾಗದ ಸಂತೆಗೆ ಹೋದ. ಸಂತೆಯಲ್ಲಿ ಕೆಲಸ ಬೇಗ ಮುಗಿದರೂ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದು, ಎಲ್ಲರೂ ಹಿಂತಿರುಗಿರಬಹುದು ಎನಿಸಿದ ಮೇಲೆ ಮನೆಗೆ ಬಂದ.

ದಾವಲಬಿ ರೊಟ್ಟಿ ಬಡಿಸುತ್ತ ಹೇಳಿದಳು: “ನೀವೂ ಒಂದ್ಸಲ ನೋಡಬೇಕಿತ್ರಿ. ಅದರಾಗ ನಾ ನಿಮ್ಮನ್ನs ನೋಡೇನಿ.”

“ಸತ್ತಾಂವ ಹ್ಯಾಂಗ ನೋಡತಾನ?”

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅವನೂ ಎತ್ತಲಿಲ್ಲ.

*

ಕಬರಸ್ತಾನದಿಂದ ಬಂದವರು ಅಂಗಳದಲ್ಲಿ ಕೈಕಾಲು ತೊಳೆದರು. ಪಕ್ಕದ ಮನೆಗಳಿಂದ ಅನ್ನ, ಕಟ್ಟಿನ ಸಾರು ಬಂದಿತ್ತು. ಅಫ್ಜಲ ಒಳಗೆ ಹೋಗಿ ಹುಸೇನಬಿಗೆ ಮೌಲಾನಾರ ಮಾತು ಹೇಳಿದ. ದನಿ ಏರಿಸದೆ ಹೇಳಿದ. ಆದರೂ ಅಂಗಳದಲ್ಲಿದ್ದವರು ಉಣ್ಣುವುದನ್ನು ನಿಲ್ಲಿಸಿದರು.

ಹುಸೇನಬಿ ಹೊರಗೆ ಬಂದಳು. ತಮ್ಮನ ಮುಂದೆ ನಿಂತಳು.

“ಅಬ್ಬಾನೂ ನೋಡಬಹುದಿತ್ತಂತ ಆತಲ್ಲೋ ಹಂಗಾರ,” ಎಂದಳು.

ಮೈಬೂಬ ಪಕ್ಕಕ್ಕೆ ಸರಿದು ಅವಳಿಗೆ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟ. ಅವಳು ಕೂತಳು. ಅಕ್ಕುತಾಯಿ ಏನೋ ಅನ್ನಲು ಹೊರಟವಳು ನೀರಿನ ತಂಬಿಗೆ ಎತ್ತಿ ಹುಸೇನಬಿಯ ಕೈಗೆ ಕೊಟ್ಟಳು.

ಸುಮಯ್ಯಾ ಕೋಣೆ ಗುಡಿಸಿ ಲೋಬಾನ ಹಾಕಿದ್ದಳು. ಬಾಗಿಲ ಪರದೆ ಈಗ ಮೇಲೆ ಕಟ್ಟಿತ್ತು. ಯಾರೂ ತಡೆಯಲಿಲ್ಲ. ಮೈಬೂಬ ಒಳಗೆ ಹೋಗಿ, ಹೆಂಡತಿಯನ್ನು ಮಲಗಿಸಿದ್ದ ಜಾಗದ ಪಕ್ಕ ಗೋಡೆಗೆ ಒರಗಿ ಕೂತ. ಕಿಟಕಿಯ ಕಟ್ಟೆಯ ಮೇಲೆ ಬೀಡಿ ಕತ್ತರಿ ಇತ್ತು. ಅದರ ಬಾಯಿಗೆ ಬಿಳಿ ಎಳೆಯೊಂದು ಸಿಕ್ಕಿಕೊಂಡಿತ್ತು.

“ಉಜ್ವಲಾ,” ಎಂದು ಕರೆದ.

ಅವಳು ಬಾಗಿಲಿಗೆ ಬಂದಳು.

“ಅದು ಐತೇನು ಫೋನಿನಾಗ? ಆಕಿ ನೋಡೂದು?”

“ಐತ್ರಿ ಚಾಚಾ. ಮೊದಲಿಂದ ಹಚ್ಚಲೇನು?”

“ಅದಷ್ಟs ಸಾಕು.”

ಉಜ್ವಲಾ ಚಿತ್ರವನ್ನು ಬೆರಳಿನಿಂದ ಮುಂದಕ್ಕೆ ಸರಿಸಿ, ಬೇಕಾದ ಜಾಗದಲ್ಲಿ ನಿಲ್ಲಿಸಿ, ಫೋನನ್ನು ಅವನ ಅಂಗೈಯಲ್ಲಿಟ್ಟು ಹೊರಗೆ ಹೋದಳು.

ಮೊದಲು ಇದೇ ಕೋಣೆಯ ತೊಲೆ ಕಂಡಿತು, ಕೆಳಗಿನಿಂದ ನೋಡಿದಂತೆ. ಆಮೇಲೆ ಬಳೆಯ ಸದ್ದು. ದಾವಲಬಿ ಮೇಲಿನಿಂದ ಬಗ್ಗಿದಳು. ತೆರೆಯ ತುಂಬ ಅವಳ ಮುಖ: ಹಣೆಯ ಗೆರೆ, ಮುರಿದ ಹಲ್ಲು. ಅವಳು ಅಳಲಿಲ್ಲ. ಸೈಕಲ್ ಒರಗಿಸಿ ಬಿಸಿಲಿನಿಂದ ಒಳಗೆ ಬಂದವನ ಮುಖ ನೋಡುವಂತೆ ಅವನನ್ನೇ ನೋಡಿದಳು. ಕೈ ಚಾಚಿ, ಗಡ್ಡಕ್ಕೆ ಹತ್ತಿದ ಸಾಣೆಯ ಧೂಳು ಒರೆಸುವವಳಂತೆ, ಕ್ಯಾಮೆರಾದ ಗಾಜಿನ ಅಂಚಿನಲ್ಲಿ ಬೆರಳು ಆಡಿಸಿದಳು.

ಮೈಬೂಬ ಮಿಸುಕಲಿಲ್ಲ. ಲೋಬಾನದ ಹೊಗೆಯೊಳಗೆ ತಂಬಾಕಿನ ಘಾಟು ಎದ್ದು ಬಂದು ಮೂಗು ಕೆರಳಿಸಿತು. ಈ ಮನೆಯಲ್ಲಿ ಅವನಿಗೆ ಎಂದೂ ಹೀಗಾಗಿರಲಿಲ್ಲ. ಉಸಿರು ಬಿಗಿಹಿಡಿದು ಸೀನನ್ನು ತಡೆದುಕೊಂಡ.

ತೆರೆಯ ಮೇಲೆ ದಾವಲಬಿ ಬಿಳಿ ಬಟ್ಟೆಯ ಅಂಚು ಹಿಡಿದು, ನಿಧಾನವಾಗಿ, ಅವನ ಮುಖದ ಮೇಲೆ ಎಳೆದಳು.