ಎದುರಿಗೆ ಕೂರಿಸಿ ಹೇಳಿದ ಮಾತು

ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವ ಟೈಲರ್‌ಗೆ ಹೆಂಡತಿ ಇಳಿದುಹೋಗುತ್ತಿರುವುದು ಯಾರೂ ಹೇಳದೆಯೇ ಗೊತ್ತಾಯಿತು. ಆಫೀಸಿಗೆ ಹಾಕಿಕೊಂಡು ಹೋಗುವ ಅಂಗಿಗಳೆಲ್ಲ ಅವಳ ಭುಜದಲ್ಲಿ ಜೋತುಬೀಳುತ್ತಿದ್ದವು. ಅವನು ಏನನ್ನೂ ಕೇಳದೆ ಒಂದೊಂದನ್ನೇ ತೆಗೆದು ಪಕ್ಕದಲ್ಲಿ ಹಿಡಿದು ಹೊಲಿದಿಟ್ಟ. ಕೇಳಿದರೆ "ಏನಿಲ್ಲ ಬಿಡಿ" ಅನ್ನುತ್ತಾಳೆ, ಆಮೇಲೆ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಲ್ಲುತ್ತಾಳೆ ಎನ್ನುವುದು ಅವನಿಗೆ ಗೊತ್ತಿತ್ತು.

ಅವಳು ಫ್ಯಾನ್ ತಯಾರಿಸುವ ಕಾರ್ಖಾನೆಯಲ್ಲಿ ಎಚ್‌ಆರ್ ಅಧಿಕಾರಿ. ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು, ಅವರ ರಜೆ, ಜಗಳ, ಹೆರಿಗೆ ಎಲ್ಲವೂ ಅವಳ ಮೇಜನ್ನು ದಾಟಿಯೇ ಹೋಗಬೇಕು. ಅಲ್ಲಿ ಎಲ್ಲರಿಗೂ ಅವಳು ಮೇಡಂ. ತಮಾಷೆಗೆ ಟೈಲರ್ ಕೂಡ ಒಮ್ಮೊಮ್ಮೆ ಹಾಗೇ ಕರೆಯುತ್ತಾನೆ.

ಕೊನೆಗೆ ಒಂದು ಸಂಜೆ ಅವಳೇ ಬಾಯಿ ಬಿಟ್ಟಳು. ಮೋಟಾರಿಗೆ ತಂತಿ ಸುತ್ತುವ ವಿಭಾಗವನ್ನು ಮುಚ್ಚುತ್ತಾರಂತೆ. ಆ ಕೆಲಸಕ್ಕೆ ಮಷೀನು ಬಂದಿದೆ. ಅಲ್ಲಿರುವವರೆಲ್ಲ ಮನೆಗೆ.

"ಮೊಬೈಲ್‌ಗೆ ಒಂದು ಮೆಸೇಜ್ ಹಾಕಿಬಿಡಿ, ಸಾಕು ಅಂದ್ರು ಮ್ಯಾನೇಜರ್. ಗಲಾಟೆ ಇರಲ್ವಂತೆ."

"ನೀನೇನಂದೆ?"

"ಸೇರಿಸ್ಕೊಳ್ಳೋವಾಗ ಎದುರಿಗೆ ಕೂರಿಸ್ಕೊಂಡು, ಮನೇಲಿ ಯಾರ್ಯಾರಿದ್ದಾರೆ ಅಂತೆಲ್ಲ ಕೇಳಿದ್ದೀನಿ. ಕಳಿಸೋವಾಗ ಮುಖ ಮರೆಸ್ಕೊಳ್ಳೋಕೆ ಆಗಲ್ಲ, ನಾನೇ ಹೇಳ್ತೀನಿ ಅಂದೆ."

"ಎಚ್‌ಆರ್‌ನಲ್ಲಿ ನಿನ್ನ ಜೊತೆಗೊಬ್ಬರು ಇದ್ದಾರಲ್ಲ, ಅವರು?"

"ಅವರಿಗೆ ಇದ್ದಕ್ಕಿದ್ದ ಹಾಗೆ ಬೆನ್ನುನೋವು. ರಜೆ ಅರ್ಜಿ ನನ್ನ ಹತ್ರಾನೇ ಬಂತು." ಅವಳು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು.

ಮರುದಿನದಿಂದ ಒಬ್ಬೊಬ್ಬರನ್ನೇ ಕರೆದು ಹೇಳತೊಡಗಿದಳು. ಅವಳ ಕೋಣೆಗೆ ಗಾಜಿನ ಗೋಡೆ. ಅಲ್ಲಿ ಕೂತು ಅತ್ತರೆ ಹೋಗುವವರು ಬರುವವರೆಲ್ಲ ನೋಡುತ್ತಾರೆ ಎಂದು ಪ್ರಥಮ ಚಿಕಿತ್ಸೆಯ ಕೋಣೆಯನ್ನು ಖಾಲಿ ಮಾಡಿಸಿಕೊಂಡಳು. ಬಾಗಿಲ ಹತ್ತಿರದ ಕುರ್ಚಿ ಅವರಿಗೆ, ಗೋಡೆ ಕಡೆಯದು ತನಗೆ. ಸಿಟ್ಟು ಬಂದವರಿಗೆ ಎದ್ದುಹೋಗಲು ದಾರಿ ಇರಬೇಕಲ್ಲ. ಒಬ್ಬ ತನ್ನ ಬೆರಳುಗಳನ್ನೇ ನೋಡುತ್ತ ಕೂತನಂತೆ. ಒಬ್ಬಳು, "ಪಾಪ, ನಿಮಗೆಷ್ಟು ಕಷ್ಟ" ಎಂದು ಇವಳಿಗೇ ಸಮಾಧಾನ ಹೇಳಿದಳಂತೆ. ರಾತ್ರಿ ಊಟಕ್ಕೆ ಕೂತು ಟೈಲರ್‌ಗೆ ಅದನ್ನು ಹೇಳುವಾಗ ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೇ ವಾಪಸ್ಸಾಯಿತು. ವಾರ ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿ, ಮಗಳ ಜೊತೆಗೂ ಸನ್ನೆಯಲ್ಲೇ ಮಾತು.

ಭಾನುವಾರ ಬೆಳಗ್ಗೆ ಒಬ್ಬ ಹೆಂಗಸು ನೇರ ಅಂಗಡಿಗೆ ನುಗ್ಗಿದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಯಲು ಏನೋ ತಂದಿರಬೇಕೆಂದು ಟೈಲರ್ ಟೇಪು ಕೈಗೆತ್ತಿಕೊಂಡ.

"ಮೇಡಂ ಎಲ್ಲಿ? ನನ್ನ ಗಂಡ ಅವರ ಕಾರ್ಖಾನೇಲಿ ತಂತಿ ಸುತ್ತೋನು."

ಹೆಂಡತಿ ಒಳಗಿನಿಂದ ಬಂದಳು. ಬಂದವಳು ಬಾಯಿಗೆ ಬಂದ ಹಾಗೆ ಬೈದಳು. ಎಳೆಯ ವಯಸ್ಸಲ್ಲಿ ಕರೆಸಿಕೊಂಡು, ಕಣ್ಣು ಮಂಜಾಗುವವರೆಗೆ ದುಡಿಸಿಕೊಂಡು, ಈಗ ಬೀದಿಗೆ ತಳ್ಳಿದಿರಲ್ಲ ಎಂದಳು. ಮೂರು ಹೊತ್ತು ಗೋಡೆ ನೋಡುತ್ತ ಮಲಗಿದ್ದಾನೆ, ಮಕ್ಕಳು ಮಾತಾಡಿಸಿದರೆ ಹೂಂ ಅನ್ನುವುದಿಲ್ಲ ಎಂದಳು. ನಿಮ್ಮ ಎದೆಯಲ್ಲಿರೋದು ಕಲ್ಲಾ ಎಂದು ಕೇಳಿದಳು.

ಟೈಲರ್‌ಗೆ ತಡೆಯಲಾಗಲಿಲ್ಲ. "ನೋಡಮ್ಮ, ಇದನ್ನ ಮಾಡಿದ್ದು ಇವಳಲ್ಲ..."

"ರೀ, ಸುಮ್ನಿರಿ. ಅವರು ಹೇಳ್ಲಿ." ಅವಳ ಗಂಟಲಿಂದ ಗಾಳಿಯಷ್ಟೇ ಹೊರಟಿತು.

ಬಂದವಳು ಹೇಳಿದಳು. ಹೇಳಿ ಹೇಳಿ ಸುಸ್ತಾಗಿ ಸ್ಟೂಲಿನ ಮೇಲೆ ಕುಸಿದಳು. ಟೈಲರನ ಹೆಂಡತಿ ನೀರು ತಂದುಕೊಟ್ಟು, ಪಕ್ಕದಲ್ಲಿ ನೆಲದ ಮೇಲೇ ಕೂತಳು.

"ನೀವಂದಿದ್ದು ಸರಿ," ಎಂದಳು. "ಅವರಷ್ಟು ಚೆನ್ನಾಗಿ ಸುತ್ತೋರು ಆ ವಿಭಾಗದಲ್ಲಿ ಇರ್ಲಿಲ್ಲ. ಅದನ್ನ ಅವರಿಗೂ ಹೇಳ್ದೆ. ಕೇಳಿಸ್ಕೊಂಡ್ರೋ ಇಲ್ವೋ."

"ಅವರು ಮನೇಲಿ ಇದನ್ನ ಹೇಳ್ಲೇ ಇಲ್ಲ," ಎಂದಳು ಆಕೆ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಬಿಸಿನೀರು ಕುಡೀರಿ, ಗಂಟಲು ಪೂರ್ತಿ ಹೋಗಿದೆ," ಎಂದು ಸಿಟ್ಟಿನಲ್ಲೇ ಅಂದು ಇಳಿದುಹೋದಳು.

ಆಮೇಲೆ ಬಚ್ಚಲಮನೆಯಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು. ಟೈಲರ್ ಹೊರಗೆ ಕಾದು ನಿಂತ. ಅವಳು ಮುಖ ಒರೆಸಿಕೊಂಡು ಬಂದಾಗ ಕೇಳಿದ, "ಇದು ಮೇಲಿನವರ ತೀರ್ಮಾನ, ನಂದೇನೂ ಇಲ್ಲ ಅಂತ ಒಂದು ಮಾತು ಅನ್ನಬಾರದಾಗಿತ್ತಾ?"

"ಮೇಲಿನವರನ್ನ ಅವರು ಕಂಡೇ ಇಲ್ವಲ್ಲ. ಹಾಗಂದ್ರೆ ಸಿಟ್ಟನ್ನ ಯಾರ ಮೇಲೆ ತೀರಿಸ್ಕೋಬೇಕು? ಕೊನೆಗೆ ಮನೇಲಿ ಒಬ್ಬರ ಮೇಲೊಬ್ಬರು. ಅದಕ್ಕಿಂತ ನನ್ನನ್ನ ಬೈದು ಹಗುರಾಗ್ಲಿ ಬಿಡಿ."

ಟೈಲರ್‌ಗೆ ಇಷ್ಟು ವರ್ಷ ಜೊತೆಗಿದ್ದವಳನ್ನು ಅವತ್ತು ಹೊಸದಾಗಿ ಕಂಡ ಹಾಗಾಯಿತು. ಸ್ಕೂಟರಿನ ಕೀಲಿ ತೆಗೆದುಕೊಂಡು, "ನಡಿ, ಮೋಟಾರ್ ರಿಪೇರಿ ಅಂಗಡಿಗಳು ಎಲ್ಲೆಲ್ಲಿವೆ ನಂಗೊತ್ತು, ಅವರಿಗೆಲ್ಲ ಕೆಲಸ ಕೇಳೋಣ," ಎಂದ.

ಅಂದಿನಿಂದ ಅವರ ಭಾನುವಾರಗಳೆಲ್ಲ ಅದರಲ್ಲೇ ಕಳೆದವು. ರಿಪೇರಿ ಅಂಗಡಿ, ಪಂಪು ಮಾಡುವವರು, ಲಿಫ್ಟಿನವರು, ಯಾರನ್ನೂ ಬಿಡಲಿಲ್ಲ. ಒಂದು ಕಡೆ ಮಾಲೀಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ತಂತಿ ಸುತ್ತೋಕೆ ಬರುತ್ತಾ ಅಮ್ಮ?" ಎಂದು ಕೇಳಿದ. ತಿಂಗಳುಗಳ ನಂತರ ಅವಳು ಮನಬಿಚ್ಚಿ ನಕ್ಕಿದ್ದು ಅವತ್ತೇ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಎಲ್ಲೋ ಒಂದು ಕಡೆ ಕೆಲಸ ಸಿಕ್ಕಿತು. ಗೋಡೆ ನೋಡುತ್ತ ಮಲಗಿದ್ದವನು ಪಂಪು ರಿಪೇರಿಗೆ ಸೇರಿದ. ಉಳಿದವರ ಹೆಸರು ಹೇಳುವಾಗ ಅವಳ ದನಿ ಇನ್ನೂ ಇಳಿಯುತ್ತಿತ್ತು. ಪೇಟೆಯಲ್ಲಿ ಕೆಲವರು ಅವಳನ್ನು ಕಂಡು ಮುಖ ತಿರುಗಿಸುತ್ತಿದ್ದರು. ಅದನ್ನೂ ಹೊಟ್ಟೆಗೆ ಹಾಕಿಕೊಂಡಳು.

ಕಾರ್ಖಾನೆಯವರು ಗಲಾಟೆಯಿಲ್ಲದೆ ಮುಗಿಸಿದಿರಿ ಎಂದು ಬೆನ್ನು ತಟ್ಟಿ, ಬೇರೆ ಊರಿನ ಶಾಖೆಯಲ್ಲೂ ಇದೇ ಕೆಲಸ ಇದೆ, ಹೋಗಿ ಬನ್ನಿ ಎಂದರು.

"ಬೇಡ," ಎಂದ ಟೈಲರ್. "ನೀನೇ ಕರಗಿಹೋಗ್ತೀಯ."

"ನಾನು ಹೋಗ್ಲಿಲ್ಲ ಅಂದ್ರೆ ಅಲ್ಲಿನವರಿಗೆ ಮೊಬೈಲ್‌ಗೇ ಮೆಸೇಜ್ ಬರುತ್ತೆ ರೀ. ಬಸ್ಸಲ್ಲಿ ನಿಂತಿರೋವಾಗ್ಲೋ, ಮಗುಗೆ ಊಟ ಮಾಡಿಸೋವಾಗ್ಲೋ."

ಜ್ವರ ಬಂದರೂ ಅಂಗಡಿ ಮುಚ್ಚದ ಟೈಲರ್ ಮಗಳನ್ನು ಅವಳ ಅಜ್ಜಿಯ ಮನೆಗೆ ಬಿಟ್ಟು, ಅಂಗಡಿಗೆ ಬೀಗ ಹಾಕಿ, ಹೆಂಡತಿಯ ಜೊತೆ ಬಸ್ಸು ಹತ್ತಿದ. ಅಲ್ಲಿ ದಿನವೂ ಸಂಜೆ ಗೇಟಿನ ಎದುರಿನ ಬೆಂಚಿನ ಮೇಲೆ ಕಾಯುತ್ತಿದ್ದ. ಅವಳು ಬಂದು ಪಕ್ಕದಲ್ಲಿ ಕೂತು ಆ ದಿನ ಯಾರು ಯಾರು, ಅವರು ಏನಂದರು ಎಂದು ಹೇಳುತ್ತಿದ್ದಳು. ಅವನು ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಇಬ್ಬರೂ ಊಟಕ್ಕೆ ಹೋಗುತ್ತಿದ್ದರು.