ಎರಡನೇ ಪುಟದ ‘ಸದಸ್ಯ’

ಕರಾರುಪತ್ರ ಕೈಗೆ ಬಂದರೆ ಜನ ಮೊತ್ತ ನೋಡುತ್ತಾರೆ, ಬಡ್ಡಿ ನೋಡುತ್ತಾರೆ, ಸಹಿ ಹಾಕುವ ಜಾಗ ಹುಡುಕುತ್ತಾರೆ. ಎರಡನೇ ಪುಟವನ್ನು ಯಾರೂ ಓದುವುದಿಲ್ಲ. ಯಾವ ಪದಕ್ಕೆ ಏನರ್ಥ ಎಂದು ಬರೆದಿರುವುದು ಅಲ್ಲಿಯೇ. ನನಗಂತೂ ಆ ಪುಟದ ಮೇಲೆ ಮೊದಲಿನಿಂದಲೂ ಗುಮಾನಿ.

೧೯೯೮ರಲ್ಲಿ ನಾನು ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ವಕೀಲ ಷಡಕ್ಷರಪ್ಪನವರ ಜೂನಿಯರ್. ಭದ್ರಾವತಿಯ ಕಾಗದನಗರದ ನಲವತ್ತು ಕಾರ್ಮಿಕರು ಜಮೀನು ಕೊಂಡು ಸೈಟು ಮಾಡಲು ಒಂದು ನಿಧಿ ಕಟ್ಟಿದ್ದರು. ತಲಾ ಹತ್ತು ಸಾವಿರ ಕೊಡಲು ಒಪ್ಪಿ, ನಾಲ್ಕು ಸಾವಿರ ಕಟ್ಟಿದ್ದರು. ಉಳಿದ ಆರು ಸಾವಿರದ ಮಾತನ್ನೇ ನಂಬಿ ಒಂದು ಫೈನಾನ್ಸ್ ಕಂಪನಿ ನಿಧಿಗೆ ಸಾಲ ಕೊಡಲು ಬಂದಿತ್ತು. ನಿಧಿ ತೀರಿಸದಿದ್ದರೆ ಒಬ್ಬೊಬ್ಬ ಸದಸ್ಯರಿಂದಲೂ ಆ ಆರು ಸಾವಿರವನ್ನು ಕಂಪನಿ ನೇರವಾಗಿ ವಸೂಲಿ ಮಾಡಬಹುದು ಎಂಬುದು ಕರಾರು. ಪತ್ರವನ್ನು ಎಲ್ಲರಿಗೂ ಓದಿ ಹೇಳಲು ನಿಧಿಯ ಕಡೆಯಿಂದ ನಾನು ಹೋಗಿದ್ದೆ.

ಎರಡನೇ ಪುಟದಲ್ಲಿ ಹೀಗಿತ್ತು: ಸದಸ್ಯ ಎಂದರೆ ನಿಧಿಯ ಪುಸ್ತಕದಲ್ಲಿ ಹೆಸರಿರುವವರು ಮತ್ತು ಅವರ ವಾರಸುದಾರರು.

“ಪುಸ್ತಕದಲ್ಲಿರೋರೆಲ್ಲ ಇಲ್ಲಿದ್ದಾರಾ?” ಎಂದು ಕಾರ್ಯದರ್ಶಿ ಭೀಮೇಶನನ್ನು ಕೇಳಿದೆ.

“ಚೌಡಪ್ಪ ತೀರ್ಕೊಂಡ್ರು ಮೇಡಂ. ವರ್ಷದ ಎಡೆ ಆಗೋವರೆಗೂ ನಾವು ಹೆಸರು ಹೊಡೆದುಹಾಕಲ್ಲ. ಇನ್ನೂ ಎರಡು ತಿಂಗಳಿದೆ.”

ಚೌಡಪ್ಪನವರ ಹೆಂಡತಿ ಈಶ್ವರಮ್ಮ ಹಿಂದಿನ ಬೆಂಚಿನಲ್ಲೇ ಕೂತಿದ್ದರು. ಕ್ಯಾಂಟೀನಿನಲ್ಲಿ ಅಡುಗೆ ಕೆಲಸ. ಹಾಜರಿಯಲ್ಲಿ ಗಂಡನ ಹೆಸರು ಕೂಗುವುದನ್ನು ಕೇಳಲೆಂದೇ ಬಂದಿದ್ದರಂತೆ. ಯಾರೂ ಒಂದು ಮಾತು ಕೇಳದೆ ಆರು ಸಾವಿರದ ಹೊರೆ ಆಕೆಯ ತಲೆಗೆ ಬೀಳುವುದರಲ್ಲಿತ್ತು.

“ಆ ಹೆಸರು ಈಗಲೇ ಹೊಡೆದುಹಾಕಿ” ಎಂದೆ.

ಭೀಮೇಶ್ ಪೆನ್ನು ಮುಟ್ಟಲಿಲ್ಲ. “ವರ್ಷ ತುಂಬ್ದೆ ಬೇಡ ತಾಯಿ” ಎಂದರು ಈಶ್ವರಮ್ಮ.

ಪುಸ್ತಕ ಬದಲಾಗದಿದ್ದರೆ ಪತ್ರ ಬದಲಾಗಬೇಕು ಎಂದೆ. ಕಂಪನಿಯ ಏಜೆಂಟ್ ಮಲ್ಲಿಕ್ ನಕ್ಕ. “ಒಂದು ಪದಕ್ಕೆ ಇಷ್ಟು ರಗಳೆ ಯಾಕೆ ಮಾರಾಯ್ರೆ? ಎಲ್ಲಾ ಕಡೆ ಇದೇ ಫಾರಂ.”

ನನಗೆ ಸಿಟ್ಟು ನೆತ್ತಿಗೇರಿತು. “ಒಂದೇ ಪದ ಅಲ್ವಾ, ತಿದ್ದಿ. ತಿದ್ದದೆ ಇಲ್ಲಿ ಯಾರ ಸಹಿಯೂ ಬೀಳಲ್ಲ” ಎಂದು ಪತ್ರವನ್ನು ಬ್ಯಾಗಿಗೆ ತುರುಕಿ ಅಲ್ಲೇ ಕೂತೆ. ಉಳಿದವರೂ ಕದಲಲಿಲ್ಲ. ಮಲ್ಲಿಕ್ ಎಸ್‌ಟಿಡಿ ಬೂತಿಗೆ ಹೋಗಿ, ಒಂದು ಗಂಟೆಯ ಮೇಲೆ ಮುಖ ಗಂಟಿಕ್ಕಿಕೊಂಡು ಬಂದು, “ತಿದ್ದಿ” ಎಂದ.

ಸದಸ್ಯ ಎಂದರೆ ಪುಸ್ತಕದಲ್ಲಿ ಹೆಸರಿದ್ದು, ಈ ಪತ್ರಕ್ಕೆ ಸ್ವತಃ ಸಹಿ ಹಾಕಿದವರು ಮಾತ್ರ. ಹಾಗೆ ಬರೆದು ಜೋರಾಗಿ ಓದಿದೆ. ಗೆದ್ದೆನೆಂದು ಬೀಗಿದ್ದೂ ನಿಜ.

“ಹಂಗಾದ್ರೆ ನಮ್ಮನೆಯೋರು ಇದ್ರಲ್ಲಿ ಇಲ್ವಾ?” ಈಶ್ವರಮ್ಮ ಕೇಳಿದರು.

“ಇಲ್ಲಮ್ಮ. ಕಟ್ಟಿದ ನಾಲ್ಕು ಸಾವಿರ ವಾಪಸ್ ಬರುತ್ತೆ. ನಿಮ್ಮನ್ನ ಯಾರೂ ಏನೂ ಕೇಳೋ ಹಾಗಿಲ್ಲ.”

“ಸೈಟು?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. “ಸೈಟೂ ಇಲ್ಲ” ಎಂದೆ.

ಆಕೆ ಸೀದಾ ಮೇಜಿನ ಹತ್ತಿರ ಬಂದರು. “ಭೀಮೇಶಪ್ಪ, ಅವರ ಹೆಸರಿನ ಕೆಳಗೆ ನನ್ನ ಹೆಸರು ಬರಿ. ಅವರ ನಾಲ್ಕು ಸಾವಿರ ನಂದಕ್ಕೆ ಸೇರಿಸು. ಉಳಿದಿದ್ದು ನಾನು ಕಟ್ತೀನಿ.”

“ಅಮ್ಮ, ಅದು ನಿಮ್ಮ ತಲೆಗೆ ಬರಬಾರದು ಅಂತಾನೇ ಇಷ್ಟೊತ್ತು ಜಗಳ ಆಡಿದ್ದು!”

“ನನ್ನ ಕೇಳ್ದೆ ಹೊರಿಸ್ತಿದ್ರು, ಅದನ್ನ ತಪ್ಪಿಸಿದ್ರಿ. ಈಗ ಗೊತ್ತಿದ್ದೇ ನಾನೇ ಹೊತ್ಕೊಳ್ತೀನಿ. ಸಹಿ ಎಲ್ಲಿ?”

ಕೊನೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದೆ. ಈಶ್ವರಮ್ಮ ತಕ್ಷಣ ಸಹಿ ಹಾಕಲಿಲ್ಲ. ಹಾಳೆಗಳನ್ನು ಹಿಂದಕ್ಕೆ ತಿರುವಿ, ಎರಡನೇ ಪುಟವನ್ನು ಅಕ್ಷರ ಅಕ್ಷರ ಕೂಡಿಸಿಕೊಂಡು ತಾವೇ ಓದಿದರು. ಆಮೇಲೆ ಪೆನ್ನು ಕೇಳಿದರು.