ಸಾಯಪ್ಪ ಮಾಸ್ತರರ ಐದನೇ ಇಯತ್ತೆ

ನನಗ ನಾಟಕ ಬರ್ತಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರ ಈಗೂ ನಮ್ಮೂರಾಗ ಕೆಲವು ಮಂದಿ, "ಶಂಕ್ರೆಪ್ಪ ಧಣಿ ಆವಾಗ ರಾಜನ ಪಾರ್ಟ್ ಏನ್ ಮಾಡಿದ್ರಪಾ!" ಅಂತಾರ. ಅವರ ಬಾಯಿಗಿ ಮಣ್ಣು ಬೀಳ್ಲಿ! ಮರೆತು ಅಂತಾರೋ, ನನಗ ಚುಚ್ಚಾಕ ಅಂತಾರೋ ತಿಳೀವಲ್ದು. ಹ್ಯಾಂಗ ಅಂದ್ರೂ ನನಗ ಮೈ ಉರೀತದ.

ಪೊಲೀಸ್ ಆಕ್ಷನ್ ಆಗೂಕಿಂತ ಆರೇಳು ವರ್ಷ ಹಿಂದಿನ ಮಾತಿದು. ನಿಜಾಮರ ರಾಜ್ಯ. ನಮ್ಮೂರು ನಾಗಲಗಿದ್ದ ಅಂಬೋ ಊರಿಂದ ಎರಡು ಹರದಾರಿ. ನಮ್ಮಪ್ಪ ಶಾಂತಪ್ಪ ಊರಿಗಿ ಪೊಲೀಸ ಪಾಟೀಲ. ಸಾಯಪ್ಪ ಮಾಸ್ತರರು ಇದ್ದ ನಾಟಕ ಕಂಪನಿ ಮುರಿದು ಬಿತ್ತಂತ, ಅವರು ತಾಂಡೂರ ಸ್ಟೇಷನ್‌ದಾಗ ಇಳಿದು, ಹಾರ್ಮೋನಿಯಂ ಪೆಟಿಗಿ ಹೊತಗೊಂಡು ಊರೂರು ತಿರಗ್ಯಾಡಿ ನಮ್ಮೂರಿಗಿ ಬಂದ್ರು. ಅಪ್ಪ ಅವರಿಗಿ ಇರಾಕ ಒಂದು ಖೋಲಿ, ಉಣ್ಣಾಕ ಜೋಳ ಕೊಟ್ಟ. "ನಮ್ಮ ಶಂಕ್ರೆಪ್ಪನ್ನ ರಾಜನ ಪಾರ್ಟಿಗಿ ತಯಾರ ಮಾಡ್ರಿ ಮಾಸ್ತರ" ಅಂದ. ಆಗ ನನಗ ಹದಿನೆಂಟು ವರ್ಷ. ತಲಿ ತುಂಬ ಎಣ್ಣಿ, ತಲಿ ಒಳಗ ಏನೂ ಇಲ್ಲ.

ಮಾಸ್ತರರು ನೆಟ್ಟಗ ಮಾತು ಕಲಸ್ತಾರ ಅಂದುಕೊಂಡಿದ್ದೆ. ಎಲ್ಲಿದು! ಸಾಲಿಯಾಗ ಇದ್ದಂಗ ಅವರ ಹತ್ರ ಇಯತ್ತೆ ಇದ್ದವು, ನಾಕು. ಒಂದನೇದು ನಿಂದ್ರೋದು. ಎರಡನೇದು ನಡಿಯೋದು. ಮೂರನೇದು ಕೇಳೋದು. ನಾಕನೇದು ಮಾತು. ಒಂದರಾಗ ಪಾಸಾಗದ ಹೊರತು ಇನ್ನೊಂದಕ್ಕ ಬಿಡ್ತಿರಲಿಲ್ಲ. ನಮ್ಮ ಕಣದಾಗ, ರಾಶಿ ಮುಗಿದ ಮ್ಯಾಲ, ದಿನಾ ಮುಂಜಾನಿ ತಾಲೀಮು. ನಿಂದ್ರೋ ಪರೀಕ್ಷಾ ಅಂದ್ರ, ತಲಿ ಮ್ಯಾಲ ತುಂಬಿದ ತಂಬಿಗಿ ಇಟಗೊಂಡು, ಮೇಟಿ ಕಂಬದ ನೆರಳು ಒಂದು ಗೇಣು ಸರಿಯೋತನಕ ನಿಂದರಬೇಕು. ನಾ ಹನ್ನೊಂದು ದಿನ ಅಂಗಿ ತೊಯಿಸ್ಕೊಂಡೆ.

ಹಣಮಯ್ಯ ನಮ್ಮ ಮನಿ ಆಳು, ನನ್ನ ವಾರಗಿಯವ. ಹೊಲಗೇರಿಯ ಪೋಚಮ್ಮನ ಒಬ್ಬನೇ ಮಗ. ಕಣದ ಹೊರಗ ಕಣಕಿ ಹೊರಿ ಇಳಿಸಿ ನನ್ನ ಫಜೀತಿ ನೋಡ್ತಾ ನಿಂತಿದ್ದ. ಮಾಸ್ತರರು, "ಏ ಹಣಮಯ್ಯಾ, ನಗತಿ ಏನೋ? ಬಾ, ನೀ ನಿಂದ್ರು ನೋಡೋಣ" ಅಂದ್ರು. ಅಂವ ಕಣದೊಳಗ ಬರೂಹಂಗ ಇರಲಿಲ್ಲ. ಹೊರಗೇ, ತನ್ನ ಮಣ್ಣಿನ ಗಡಿಗಿ ತಲಿ ಮ್ಯಾಲ ಇಟಗೊಂಡು ನಿಂತ. ನೆರಳು ಒಂದು ಗೇಣಲ್ಲ, ಎರಡು ಗೇಣು ಸರೀತು. ಒಂದು ಹನಿ ಚೆಲ್ಲಲಿಲ್ಲ. ಮಾಸ್ತರರು ಬಾಯಾಗಿನ ಎಲಿ ಉಗುಳೋದೂ ಮರ್ತು ನೋಡ್ಲತಿದ್ರು.

ಅವತ್ತಿನಿಂದ ಕಣದೊಳಗ ಒಬ್ಬ, ಕಣದ ಹೊರಗ ಒಬ್ಬ, ಇಬ್ಬರಿಗೂ ಪಾಠ. ಅಪ್ಪ ನೋಡಿದ, ಬ್ಯಾಡ ಅನ್ನಲಿಲ್ಲ. ಆಳುಮಗ ಕುಣಿದ್ರ ಪಾಟೀಲನ ಗಂಟು ಏನ್ ಹೋಗ್ತದ?

ಮೂರನೇ ಇಯತ್ತೆದಾಗ ಮಾಸ್ತರರು ಒಂದೇ ಸುದ್ದಿ ಹತ್ತು ಸಲ ಹೇಳ್ತಿದ್ರು. "ನಿನ್ನ ಎತ್ತು ಸತ್ತದ." ಹತ್ತೂ ಸಲ ಅದು ಈಗೇ ಕೇಳಿದಂಗ ಕೇಳಬೇಕು. ಆರನೇ ಸಲಕ್ಕ ನನಗ ರೇಗಿ, "ಸತ್ರ ಸಾಯ್ಲಿ ಬಿಡ್ರಿ ಮಾಸ್ತರ, ಒಂದು ಎತ್ತಿಗಿ ಎಷ್ಟು ಅಳೋದು?" ಅಂದೆ. ಮಾಸ್ತರರೂ ನಕ್ಕರು. ಹಣಮಯ್ಯ ಮಾತ್ರ ಹತ್ತನೇ ಸಲನೂ ಹಂಗೇ ಕೇಳ್ದ. ಮೊದಲು ತಿಳೀದಂಗ, ಆಮ್ಯಾಲ ಕೈ ತಾನೇ ಹೆಗಲ ಮ್ಯಾಲಿನ ಹಗ್ಗ ಹುಡುಕಿದಂಗ. ನೋಡಿ ನಾನೇ ಕೊಟ್ಟಿಗಿ ಕಡಿ ಹೊಳ್ಳಿ ನೋಡಿದೆ. ನಮ್ಮ ಎತ್ತು ಕೊಟ್ಟಿಗ್ಯಾಗ ಮೇವು ತಿನ್ನಲತಿತ್ತು, ಖರೇ.

ನಾಕನೇದಕ್ಕ ಬಾವಿ ಕಟ್ಟಿ ಮ್ಯಾಲ ನಿಂತು ಮಾತಾಡಬೇಕು, ಒದರಬಾರದು, ದೂರದ ಹುಣಸಿ ಮರದ ಬುಡಕ್ಕ ಕೂತವಗ ಒಂದೊಂದು ಅಕ್ಷರ ತಿಳಿಯಬೇಕು. ನನ್ನ ಮಾತು ಕೇಳಿ ಹುಣಸಿ ಬುಡದಿಂದ ದನಗಾಹಿ ಮುದುಕ, "ಧಣಿ ಯಾರಿಗೋ ಬೈಲತಾರ" ಅಂದ. ಹಣಮಯ್ಯನ ದನಿ ಹಂಗಲ್ಲ. ಹಗೂರ ಹೊಂಟು, ಸೀದಾ ಬಂದು ನಿಮ್ಮ ಎದುರಿಗಿ ಕೂಡ್ತಿತ್ತು. ಎರಡು ವರ್ಷದಾಗ ಅಂವ ನಾಕೂ ಮುಗಿಸಿದ. ನಾ ಮೂರರಾಗ ಪಾಸು, ಅದೂ ಪಾಟೀಲರ ಮಗ ಅಂಬೋ ಕಾರಣಕ್ಕ.

ಮಾಸ್ತರರು ಅಪ್ಪನ ಮುಂದ ಕೈ ಮುಗಿದು ನಿಂತ್ರು. "ಪಾಟೀಲರ, ನನ್ನ ಆಟದ ಧರ್ಮಪಾಲ ರಾಜ ಅಂದ್ರ ಹಣಮಯ್ಯನೇ. ಇಂಥಾ ದನಿ ನಾ ಕಂಪನ್ಯಾಗೂ ಕೇಳಿಲ್ರಿ. ಒಂದು ಸಲ ಅವನಿಗಿ ಕೊಡ್ರಿ."

ಅಪ್ಪ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ರ ಛಲೋ ಇತ್ತು. ನಮ್ಮ ಕಡಿ ಆಟದ ರಿವಾಜ ಏನಂದ್ರ, ಕಿರೀಟ ಏರಿತು ಅಂದ್ರ ಅಂವ ಯಾರ ಮಗನೂ ಅಲ್ಲ. ಊರ ಪಾಟೀಲನಿಂದ ಹಿಡಿದು ಎಲ್ಲಾರೂ ಅವನ ಪಾದಕ್ಕ ಹಣಿ ಹಚ್ಚಬೇಕು. ಕಿರೀಟ ಇಳಿಸೋತನಕ ಅವನ ಮಾತು ಯಾರೂ ದಾಟಬಾರದು. "ಹೇಳ್ರಿ ಮಾಸ್ತರ" ಅಂದ ಅಪ್ಪ, "ಹಣಮಯ್ಯನ ಪಾದಕ್ಕ ನಾ ಹ್ಯಾಂಗ ಹಣಿ ಹಚ್ಚಲಿ? ಹಚ್ಚದೇ ಬಿಡಾಕ ಆಗ್ತದೇನು? ನಮ್ಮಜ್ಜನ ಕಾಲದಾಗ ಒಂದು ಸಲ ಬಿಟ್ಟಿದ್ದಕ್ಕ ಊರಾಗ ಪ್ಲೇಗು ಬಂದಿತ್ತು."

ಮಾಸ್ತರರು ಮುಗಿದ ಕೈ ಇಳಿಸಿದ್ರು. ಜೋಳ ಅಪ್ಪಂದು, ಖೋಲಿ ಅಪ್ಪಂದು. ಆಮ್ಯಾಲ ಅಪ್ಪನೇ ಒಂದು ಹಾದಿ ತಗದ. ವೇಷ ನಂದು, ದನಿ ಹಣಮಯ್ಯಂದು. ಅಂವ ಆಟ ಆಡೋ ಅಟ್ಟದ ಹಿಂದ, ಪರದೆ ಆಚಿ, ನೆಲದ ಮ್ಯಾಲ ನಿಂತು ಮಾತಾಡಬೇಕು. ನಾ ಬಾಯಿ ಆಡಿಸಬೇಕು. ಈ ಮಾತು ಹೊರಗ ಬೀಳಬಾರದು, ಹಣಮಯ್ಯ ತನ್ನ ಅವ್ವಗೂ ಹೇಳಬಾರದು. ರಾತ್ರಿ ಗ್ಯಾಸ ಬತ್ತಿ ಬೆಳಕಿನ್ಯಾಗ ಯಾರಿಗಿ ತಿಳೀತದ ಅಂತ ಅಪ್ಪನ ಲೆಕ್ಕ.

ಆದ್ರ ಆಟಕ್ಕ ಪೊಲೀಸ ಅಮೀನ ಸಾಹೇಬರ ಇಜಾಜತ್, ಅಂದ್ರ ಪರವಾನಗಿ, ಬೇಕಲ್ಲ. ದರಖಾಸ್ತು ಕೊಟ್ರ, ಹೊತ್ತು ಮುಳುಗಿದ ಮ್ಯಾಲ ಮಂದಿ ಕೂಡಬಾರದು, ಹಗಲೇ ಮುಗಿಸಬೇಕು ಅಂತ ಹುಕುಂ ಬಂತು. ರಣ ಬಿಸಿಲಿನ್ಯಾಗ ಆಟ! ನನ್ನ ಮೀಸಿ ಕೂದಲಾ ಎಣಿಸಬಹುದು, ಬಾಯಿ ಕಾಣದೇ ಇರ್ತದೇನು?

ಅದಕ್ಕ ಮಾಸ್ತರರು ಐದನೇ ಇಯತ್ತೆ ಹುಟ್ಟಿಸಿದ್ರು. ಬರೇ ನನ್ನ ಸಲುವಾಗಿ. ಹಣಮಯ್ಯ ಹಿಂದ ನಿಂತು ಮಾತಾಡ್ತಿದ್ದ, ನಾ ಮುಂದ ನಿಂತು ಬಾಯಿ ಬಿಡ್ತಿದ್ದೆ. ಹದಿನೈದು ದಿನ ಒಂದಕ್ಕೊಂದು ಕೂಡಲಿಲ್ಲ. ಕಡಿಗಿ ಅಂವನೇ ಉಪಾಯ ಹೇಳಿದ. "ಧಣೀ, ಮಾತು ಕೇಳಬ್ಯಾಡ್ರಿ. ನಾ ಉಸಿರು ಎಳಕೊಂಬೋದು ಕೇಳ್ರಿ. ಅದು ಕೇಳಿದ ಕೂಡಲೇ ಬಾಯಿ ತೆರೀರಿ." ನನ್ನ ಸಲುವಾಗಿ ಅಂವ ಪ್ರತಿ ಮಾತಿನ ಮುಂದ ಜರಾ ಜೋರು ಉಸಿರು ತಗೋತಿದ್ದ. ಅಲ್ಲಿಂದ ಬರೋಬರಿ ಕೂಡ್ತು. ಮಾತೆಲ್ಲಾ ನನಗೂ ಬಾಯಿಪಾಠ ಆಗಿತ್ತು, ದನಿ ಒಂದು ಇರಲಿಲ್ಲ.

ಒಂದು ದಿನ ಕೇಳಿದೆ, "ಹಣಮ್ಯಾ, ನಿನಗ ಸಿಟ್ಟು ಬರಂಗಿಲ್ಲೇನೋ?"

"ಬಂದು ಏನ್ ಮಾಡ್ಲಿರಿ ಧಣಿ? ಮಾತಂತೂ ಆಡ್ತೀನಲ್ಲ" ಅಂದ.

ಅಷ್ಟೇ. ನಾ ಅಪ್ಪನ ಹತ್ರ ಹೋಗಿ, "ನನಗ ಬ್ಯಾಡ ಈ ಪಾರ್ಟು" ಅನ್ನಬೇಕಿತ್ತು. ಹೋದೆ. ಬಾಗಿಲತನಕ ಹೋದೆ. ಅಪ್ಪ "ಏನಪಾ?" ಅಂದ. "ಏನಿಲ್ಲ, ಎತ್ತಿಗಿ ನೀರು ಕುಡಿಸ್ಯಾರೋ ಇಲ್ಲೋ ಕೇಳಾಕ ಬಂದೆ" ಅಂದೆ. ಥೂ ನನ್ನ ಜಲ್ಮಕ!

ಆಟದ ದಿನ ಸುತ್ತಿನ ಹಳ್ಳಿಯವರು, ರಾಯಿಕೋಡ್ ಕಡಿಯವರೂ ಬಂಡಿ ಕಟ್ಟಿಕೊಂಡು ಬಂದಿದ್ರು. ಕಿರೀಟ ಏರಿಸಿದ್ರು. ಅಪ್ಪ ಅಟ್ಟಕ್ಕ ಬಂದು, ರುಮಾಲು ತಗದು, ನನ್ನ ಪಾದಕ್ಕ ಹಣಿ ಹಚ್ಚಿದ. ಅವನ ನೆತ್ತಿ ಬೋಳಾಗಿದ್ದು ನಾ ಅವತ್ತೇ ನೋಡಿದ್ದು. ಅಪ್ಪನ ಹಿಂದ ಊರೆಲ್ಲಾ ಬಂತು. ಹೊಲಗೇರಿಯವರು ದೂರ, ಬೇಲಿ ಆಚಿ ಕೂತು, ಅಲ್ಲಿಂದಲೇ ಕೈ ಮುಗಿದ್ರು. ಅವರೊಳಗ ಪೋಚಮ್ಮನೂ ಇದ್ದಳು. ಆಕಿ ಎರಡೂ ಕಣ್ಣಿಗಿ ಪೊರೆ ಬಂದಿತ್ತು, ಏನೂ ಕಾಣ್ತಿರಲಿಲ್ಲ. ಮಗ ಅಟ್ಟದ ಹಿಂದ ಸಾಮಾನು ಹೊರಾಕ ಹೋಗ್ಯಾನ ಅಂತ ಆಕಿಗಿ ಗೊತ್ತು, ಅಷ್ಟೇ.

ಹಾರ್ಮೋನಿಯಂ ಶುರುವಾತು. ಪರದೆ ಹಿಂದ ಉಸಿರು ಕೇಳಿಸ್ತು. ಬಾಯಿ ತೆರದೆ.

"ಹನ್ನೆರಡು ವರುಷ ವನವಾಸ ಮುಗಿಸಿ ನನ್ನ ಪ್ರಜೆಗಳ ಮುಂದೆ ನಿಂತಿದ್ದೇನೆ..."

ಅಯ್ಯಯ್ಯೋ, ಆ ದನಿ! ಮಂದಿ ಗಪ್‌ಚಿಪ್. ಕಂಕುಳ ಕೂಸೂ ಅಳಲಿಲ್ಲ. ಎಲ್ಲಾರೂ ನನ್ನ ಮುಖ ನೋಡ್ಲತಿದ್ರು, ಪಾಟೀಲರ ಮಗಗ ಇಂಥಾ ದನಿ ಎಲ್ಲಿಂದ ಬಂತು ಅಂತ. ನನಗೂ ಒಂದು ಗಳಿಗಿ ಅದು ನಂದೇ ಅನಿಸ್ತು ನೋಡ್ರಿ. ಎದಿ ಉಬ್ಬಿಸಿದೆ. ಅದನ್ನ ನೆನಸಿದ್ರ ಈಗೂ ಕಪಾಳಕ್ಕ ಹೊಡ್ಕೋಬೇಕು ಅನಸ್ತದ.

ಆಟದಾಗ ಎರಡನೇ ರಾಜಸಭಾ ನಡದಿತ್ತು. ಬೇಲಿ ಆಚಿಂದ ಒಂದು ಕೂಗು ಬಂತು.

"ನನ್ನ ಮಗಾ! ನಮ್ಮ ಹಣಮ್ಯಾನ ದನಿ ಅದು! ನನ್ನ ಮಗ ರಾಜ ಆಗ್ಯಾನ್ರವ್ವೋ!"

ಪೋಚಮ್ಮ ಎದ್ದಿದ್ದಳು. ಎರಡೂ ಕೈ ಮುಂದ ಚಾಚಿ, ದನಿ ಬಂದ ದಿಕ್ಕಿಗಿ ಬರಲತಿದ್ದಳು. ನಗತಿದ್ದಳು, ಅಳತಿದ್ದಳು. ಬೇಲಿ ದಾಟಿದ್ದು ಆಕಿಗಿ ಗೊತ್ತಾಗಲಿಲ್ಲ, ಕೂತ ಮಂದಿ ಮುಟ್ಟಿಸ್ಕೋಬಾರದು ಅಂತ ಎರಡೂ ಕಡಿ ಸರಿದದ್ದೂ ಗೊತ್ತಾಗಲಿಲ್ಲ. ಹಾದಿ ಬಿಟ್ಟಂಗಾಗಿ ಸೀದಾ ಅಟ್ಟದ ಮುಂದ ಬಂದು ನಿಂತಳು.

ಪರದೆ ಹಿಂದಿನ ದನಿ ನಿಂತು ಹೋತು.

ಅಪ್ಪ ಎದ್ದ. ಕಣ್ಣು ಕೆಂಪಗ. "ಏ ಮುದುಕಿ, ಕಣ್ಣು ಹೋಗ್ಯಾವ, ಬುದ್ಧಿನೂ ಹೋತೇನು? ಅಟ್ಟದ ಮ್ಯಾಲ ಇದ್ದಾಂವ ನನ್ನ ಮಗ ಶಂಕ್ರೆಪ್ಪ. ಆಟ ಕೆಡಿಸಿದಿ. ರಾಜನ ಪಾದಕ್ಕ ಅಡ್ಡ ಬಿದ್ದು ತಪ್ಪಾತು ಅನ್ನು."

ಆಕಿ ಮುಖ ಆ ಕಡಿ ಈ ಕಡಿ ತಿರುವಿದಳು. "ಸಣ್ಣ ಧಣೇರೇನ್ರಿ? ದನಿ ನನ್ನ ಮಗಂದ ಕೇಳಿಸ್ತ್ರಿ ಎಪ್ಪಾ... ತಪ್ಪಾತ್ರಿ. ಮುದುಕಿಗಿ ತಿಳೀಲಿಲ್ರಿ" ಅಂದಳು. ನೆಲ ಕೈಲೆ ಹುಡುಕಿ, ಧೂಳಿನ್ಯಾಗ ಉದ್ದಕ ಬಿದ್ದಳು. ನನ್ನ ಪಾದದ ಕಡಿ ಹಣಿ ಇಟ್ಟಳು.

ಪರದೆ ಹಿಂದಿಂದ ಹಗೂರ ಒಂದು ಮಾತು ಬಂತು.

"ಏಳವ್ವಾ. ಮಣ್ಣಾಗ ಬೀಳಬ್ಯಾಡ, ಏಳು."

ಆ ಮಾತು ನಮ್ಮ ಪಾಠದಾಗ ಇರಲಿಲ್ಲ. ನನ್ನ ಬಾಯಿ ಮುಚ್ಚೇ ಇತ್ತು. ಹಗಲು ಬಿಸಿಲಿನ್ಯಾಗ ಐದೂರ ಮಂದಿ ನೋಡಿದ್ರು, ರಾಜನ ಬಾಯಿ ಮುಚ್ಚೇದ, ದನಿ ಬಂದದ. ಒಮ್ಮೆ ನನ್ನ ಮುಖ, ಒಮ್ಮೆ ಪರದೆ ನೋಡಿದ್ರು. ಪೋಚಮ್ಮ ಮಾತ್ರ ತಲಿ ಎತ್ತಿ, ನನ್ನ ಬಿಟ್ಟು ಪರದೆ ಕಡಿ ಮುಖ ಮಾಡಿ, "ಅಲ್ಲೇ ಇದ್ದೀ ಏನಪಾ?" ಅಂದಳು.

ಹಣಮಯ್ಯ ಹಿಂದಿಂದ ಸುತ್ತು ಹಾಕಿ ಬಂದು ಅವ್ವನ ರಟ್ಟಿ ಹಿಡಿದು ಎಬ್ಬಿಸಿದ. ಸೀರಿ ಮ್ಯಾಲಿನ ಧೂಳು ಝಾಡಿಸಿದ. ಅಷ್ಟರಾಗ ಅಪ್ಪ ಕೈ ಮಾಡಿದ. ಇಬ್ಬರು ತಳವಾರರು ಬಂದು ಬಡಿಗಿ ಅಡ್ಡ ಹಿಡಿದು, ಹಣಮಯ್ಯನ್ನ ಚಾವಡಿ ಕಡಿ ನೂಕಲತಿದ್ರು. ಚಾವಡ್ಯಾಗ ಏನಾಗ್ತದ ಅಂತ ಎಲ್ಲಾರಿಗೂ ಗೊತ್ತಿತ್ತು. ಪೋಚಮ್ಮ ಮಗನ ಅಂಗಿ ಚುಂಗು ಬಿಡಲಿಲ್ಲ.

ನನ್ನ ತಲಿ ಮ್ಯಾಲ ಕಿರೀಟ ಇತ್ತು. "ಬಿಡ್ರಿ ಅವನ್ನ" ಅಂದಿದ್ರ ಆತು, ಎರಡೇ ಮಾತು. ಅಪ್ಪ ದಾಟತಿರಲಿಲ್ಲ, ದಾಟಾಕ ಅವನಿಗೂ ಅಂಜಿಕಿ ಇತ್ತು. ಮಾಸ್ತರರು ಹಾರ್ಮೋನಿಯಂ ಮ್ಯಾಲಿನ ಕೈ ತಗದು ನನ್ನನ್ನೇ ನೋಡ್ಲತಿದ್ರು. ಆ ಎರಡು ಮಾತು ನನ್ನ ಗಂಟಲತನಕ ಬಂದಿದ್ವು, ದೇವರಾಣಿ. ಅಪ್ಪ ನನ್ನ ಕಡಿ ಒಂದು ಸಲ ನೋಡಿದ. ಅವು ಅಲ್ಲೇ ಸತ್ತು ಹೋದವು.

ಹಣಮಯ್ಯ ಹೋಗ್ತಾ ಹೋಗ್ತಾ ಹೊಳ್ಳಿ ನೋಡಿದ. ನಾ ಬಾಯಿ ಅರ್ಧ ತೆರೆದು, ಬೆವರು ಇಳಿಸ್ಕೊಂಡು ನಿಂತದ್ದು ನೋಡಿ, ಪಾಪ, ಧಣಿ ಮಾತು ಮರ್ತಾರ ಅಂದುಕೊಂಡ. ತಳವಾರನ ಬಡಿಗಿ ಹೆಗಲಿಗಿ ಒತ್ತಿದ್ರೂ ಜರಾ ನಿಂತು, ನನಗಷ್ಟೇ ಕೇಳೂಹಂಗ ಹೇಳಿಕೊಟ್ಟ.

"'ಮಂತ್ರಿಗಳೇ, ಸಭೆ ಮುಂದುವರಿಯಲಿ' ಅಂತ ಅದರೀ ಧಣಿ."

ನಾ ಅದನ್ನೇ ಹೇಳಿದೆ.